ಸೋಮನಹಳ್ಳಿಯ ಕ್ಯಾಪ್ಟನ್

ಸೋಮನಹಳ್ಳಿಯ ಮಹದೇವು ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ನಡೆದದ್ದನ್ನೆಲ್ಲ ಕೇಳಿದವರು ಅವನನ್ನು ಬೇರೆ ಏನೇನೋ ಅಂದುಕೊಳ್ಳುವ ಸಂಭವವಿದೆ. ಅವನು ತಾನಾಗಿ ಒಂದೇ ಒಂದು ಸುಳ್ಳನ್ನೂ ಹುಟ್ಟಿಸಿದವನಲ್ಲ. ಬೇರೆಯವರು ಹುಟ್ಟಿಸಿ ತಂದು ಮಡಿಲಿಗೆ ಹಾಕಿದ್ದನ್ನು ಕೆಳಗಿಳಿಸಲು ಸಂಕೋಚಪಟ್ಟವನು, ಅಷ್ಟೆ.

ಅವನು ಡೀಸೆಲ್ ಮೆಕ್ಯಾನಿಕ್. ಮದ್ದೂರಿನಲ್ಲಿ ಶಫೀವುಲ್ಲಾ ಸಾಹೇಬರ ಗ್ಯಾರೇಜಿನಲ್ಲಿ ಕೆಲಸ ಕಲಿತು, ಒಮಾನ್ ದೇಶದ ಸಲಾಲಾ ಎಂಬ ಬಂದರಿನ ಊರಿಗೆ ಹೋಗಿ, ದೋಣಿ ರಿಪೇರಿಯ ಯಾರ್ಡೊಂದರಲ್ಲಿ ಹನ್ನೊಂದು ವರ್ಷ ಇಂಜಿನ್ ಬಿಚ್ಚುತ್ತ ಕೂಡಿಸುತ್ತ ಇದ್ದ. ಹೆಂಡತಿ ಮೋಹಿನಿ ಮಳವಳ್ಳಿಯವಳು. ಮದುವೆಗೆ ಮುಂಚೆ ರವಿಕೆ ಹೊಲಿಯುತ್ತಿದ್ದವಳು ಅದೇ ಯಾರ್ಡಿನಲ್ಲಿ ಹಾಯಿ ಹೊಲಿಯುವ ಕೆಲಸಕ್ಕೆ ಸೇರಿದಳು. ಅಳತೆ ತಪ್ಪಿದರೆ ಬೈಸಿಕೊಳ್ಳುವುದು ಎರಡರಲ್ಲೂ ಒಂದೇ ಎಂದು ಹೇಳುತ್ತಿದ್ದಳು.

ಆ ಯಾರ್ಡಿನಲ್ಲಿ ಒಬ್ಬ ಫ್ರೆಂಚ್ ಮುದುಕ ಒಂದು ಸಣ್ಣ ಹಾಯಿದೋಣಿ ಇಟ್ಟುಕೊಂಡಿದ್ದ. ತಾನು ಹೊಲಿದ ಹಾಯಿ ಗಾಳಿಗೆ ಹೇಗೆ ಕೂರುತ್ತದೆ ಎಂದು ನೋಡಲು ಮೋಹಿನಿ ಅವನ ಜೊತೆ ನೀರಿಗಿಳಿದಳು. ಆರು ವರ್ಷದಲ್ಲಿ ಚುಕ್ಕಾಣಿ ಹಿಡಿಯುವುದು, ಗಾಳಿ ಓದುವುದು, ನಕ್ಷೆ ನೋಡುವುದು ಎಲ್ಲ ಕಲಿತಳು. ಅಲ್ಲಿನ ಕ್ಲಬ್ಬಿನ ಪರೀಕ್ಷೆ ಕಟ್ಟಿ ಸರ್ಟಿಫಿಕೇಟೂ ತೆಗೆದುಕೊಂಡಳು. ಮುದುಕನಿಗೆ ಕಣ್ಣು ಮಂಜಾದಾಗ ದೋಣಿಯನ್ನು ಅವಳ ಹೆಸರಿಗೇ ಬರೆದುಕೊಟ್ಟು ತನ್ನ ದೇಶಕ್ಕೆ ಹೋದ. ಎರಡೂ ಕಾಗದದಲ್ಲಿ ಅವಳ ಹೆಸರನ್ನು ಚಿಕ್ಕದು ಮಾಡಿ 'ಎಂ. ಮಹದೇವು' ಎಂದು ಬರೆದಿದ್ದರು. ಆಗ ಅದು ಯಾರಿಗೂ ದೊಡ್ಡ ವಿಷಯವಾಗಿ ಕಾಣಲಿಲ್ಲ.

ಹೋದ ವರ್ಷ ಯಾರ್ಡು ಮುಚ್ಚಿತು. ಗಂಡ ಹೆಂಡತಿ ಇಬ್ಬರ ಕೆಲಸವೂ ಒಂದೇ ದಿನ ಹೋಯಿತು. ದೋಣಿಯನ್ನು ತೆಗೆಯದಿದ್ದರೆ ಒಡೆದು ಗುಜರಿಗೆ ಹಾಕುತ್ತೇವೆ ಎಂದು ಯಾರ್ಡಿನವರು ಹೇಳಿದರು. ಮೋಹಿನಿ ಎರಡು ದಿನ ದೋಣಿಯ ಹಗ್ಗ ಹಾಯಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಮೂರನೆಯ ದಿನ, "ಇದರಲ್ಲೇ ಊರಿಗೋಗವ" ಎಂದಳು. ಮಹದೇವು ಅಣ್ಣ ಕೆಂಪಸಿದ್ದಯ್ಯನಿಗೆ ಫೋನು ಮಾಡಿದ.

"ಯಾವ ಪ್ಲೇನಿಗ್ಲಾ ಬತ್ತೀಯ?" ಎಂದ ಅಣ್ಣ.

"ಪ್ಲೇನಲ್ಲ ಕಣಣ್ಣ. ಸಮುದ್ರದ ಮ್ಯಾಲೆ. ನಮ್ದೇ ಹಡ್ಗಲ್ಲಿ."

ಪಕ್ಕದಲ್ಲಿ ಹಾಯಿ ಮಡಿಸುತ್ತಿದ್ದ ಮೋಹಿನಿ, "ದೋಣಿ ಅನ್ನಿ" ಎಂದಳು.

ಮಹದೇವು ಫೋನಿಗೆ ಕೈ ಅಡ್ಡ ಹಿಡಿದ. "ದೋಣಿ ಅಂದ್ರೆ ಅವ್ನು ಮೀನಿಡಿಯೋ ತೆಪ್ಪ ಅನ್ಕತಾನೆ ಕಣಮ್ಮಿ."

ಆ ಹೊತ್ತಿಗಾಗಲೇ ಅಣ್ಣ ಅತ್ತ ಕಡೆ ಯಾರಿಗೋ ಕೂಗಿ ಹೇಳುತ್ತಿದ್ದ: "ನಮ್ಮ ಮಾದೇವು ಹಡ್ಗು ತಗಂಡವನಂತೆ."

ಸೆಪ್ಟೆಂಬರ್ ಕೊನೆಯಲ್ಲಿ, ಮಳೆಗಾಳಿ ತಗ್ಗುವ ಹೊತ್ತಿಗೆ, ಅವರು ಹೊರಟರು. ಹೊರಟು ಮೂರು ತಾಸಿಗೆ ಮಹದೇವು ವಾಂತಿ ಮಾಡಿಕೊಂಡ. ಹನ್ನೊಂದು ವರ್ಷ ದೋಣಿಗಳ ಹೊಟ್ಟೆಯೊಳಗೆ ಕೂತು ಕೆಲಸ ಮಾಡಿದವನು ನಿಜ. ಆದರೆ ಅವೆಲ್ಲ ದಡದ ಮೇಲೆ ಮರದ ದಿಮ್ಮಿ ಕೊಟ್ಟು ನಿಲ್ಲಿಸಿದ ದೋಣಿಗಳು. ನೀರಿನ ಮೇಲೆ ಅಲ್ಲಾಡುವ ದೋಣಿ ಅವನಿಗೆ ಪರಿಚಯವೇ ಇರಲಿಲ್ಲ. ಮೊದಲ ದಿನ ಅನ್ನ ಹೋಯಿತು, ಎರಡನೆಯ ದಿನ ನೀರು ಹೋಯಿತು, ಮೂರನೆಯ ದಿನ ಹಲಗೆಯ ಮೇಲೆ ಮಲಗಿದವನು ಏಳಲಿಲ್ಲ. ಆರನೆಯ ದಿನ ಡೀಸೆಲ್ಲಿನಲ್ಲಿ ನೀರು ಸೇರಿ ಇಂಜಿನ್ ನಿಂತಿತು.

"ಒಸಿ ಎದ್ದು ನೋಡ್ತೀರಾ?" ಎಂದಳು ಮೋಹಿನಿ. ಇದೊಂದು ಅವನ ಇಲಾಖೆ. ಮಹದೇವು ತೆವಳಿಕೊಂಡು ಹೋಗಿ ಇಂಜಿನ್ನಿನ ಮುಚ್ಚಳ ತೆಗೆದ. ಡೀಸೆಲ್ ವಾಸನೆ ಮೂಗಿಗೆ ಬಡಿಯಿತು. ಹೊಟ್ಟೆಯಲ್ಲಿ ಉಳಿದಿದ್ದ ಅಷ್ಟಿಷ್ಟನ್ನೂ ಅವನು ಇಂಜಿನ್ನಿಗೇ ಒಪ್ಪಿಸಿದ. ಆಮೇಲೆ ಅದು ರಿಪೇರಿಯಾಗುವ ಆಸೆಯೂ ಹೋಯಿತು.

ಅಲ್ಲಿಂದ ಮುಂದೆ ಗಾಳಿಯೇ ಗತಿ. ಚುಕ್ಕಾಣಿಗೆ ಹಗ್ಗ ಬಿಗಿದು, ಅಡುಗೆಯ ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡು, ಮೋಹಿನಿ ಇಪ್ಪತ್ತಿಪ್ಪತ್ತು ನಿಮಿಷದ ತುಂಡುಗಳಲ್ಲಿ ನಿದ್ದೆ ಮಾಡಿದಳು. ಮೂರು ದಿನ ಗಾಳಿಯೇ ಇಲ್ಲದೆ ದೋಣಿ ಕೆರೆಯ ಎಮ್ಮೆಯ ಹಾಗೆ ನಿಂತಿತು. ಅದರ ಮರುದಿನ ಬಂದ ಗಾಳಿ ದೊಡ್ಡ ಹಾಯಿಯನ್ನು ಎರಡು ಮೊಳ ಹರಿದುಹಾಕಿತು. ಅದನ್ನವಳು ತೊಡೆಯ ಮೇಲೆಳೆದುಕೊಂಡು ಹೊಲಿದಳು. ಹದಿಮೂರನೆಯ ದಿನ ಬೆಳಗ್ಗೆ ಮಬ್ಬಿನೊಳಗಿಂದ ಪೆಟ್ಟಿಗೆಗಳನ್ನು ಹೇರಿಕೊಂಡ ಹಡಗೊಂದು, ಆರು ಮಹಡಿ ಕಟ್ಟಡವೇ ನಡೆದು ಬಂದ ಹಾಗೆ, ನೇರ ಇವರ ಮೇಲೆ ಬಂತು. ಮೋಹಿನಿ ವೈರ್‌ಲೆಸ್ ಹಿಡಿದು ಕೂಗಿದಳು. ಆ ಕಡೆಯ ಗಂಡಸಿನ ದನಿ, ಕ್ಯಾಪ್ಟನ್ನನ್ನು ಕರೆಯಿರಿ ಎಂದಿತು. ಮಾತಾಡುತ್ತಿರುವುದು ಕ್ಯಾಪ್ಟನ್ನೇ, ತಿರುಗಿಸಿಕೊಳ್ಳಿ ಎಂದು ಇವಳು ತನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದಳು. ಹಡಗು ತಿರುಗಿತು. ಅದರ ಅಲೆಗೆ ಇವರ ದೋಣಿ ಅರ್ಧ ತಾಸು ಕುಣಿಯಿತು.

ಮಲಗಿದ್ದಲ್ಲಿಂದಲೇ ಮಹದೇವು ಎಲ್ಲ ನೋಡಿದ. ನೋಡಿ ಅಳತೊಡಗಿದ.

"ಅಳೋದಾದ್ರೆ ಆ ಕಡೆ ತಿರಿಕ್ಕೊಂಡು ಅಳು" ಎಂದಳು ಮೋಹಿನಿ. "ನೀರೆತ್ತೋ ಪಂಪೂ ಕೆಟ್ಟೋಗದೆ."

ಹದಿನಾರು ವರ್ಷ 'ನೀವು' ಎನ್ನುತ್ತಿದ್ದವಳು ಅವತ್ತು ಮೊದಲ ಬಾರಿಗೆ ಏಕವಚನಕ್ಕೆ ಬಂದಿದ್ದಳು. ಮಹದೇವುವಿಗೆ ಬೇಜಾರಾಗಲಿಲ್ಲ. ಹೇಳಬೇಕೆಂದರೆ, ಅವಳು ಹಾಗೆ ಅಂದದ್ದು ಅವನಿಗೆ ಹಿತವಾಗಿತ್ತು.

ಹತ್ತೊಂಬತ್ತನೆಯ ದಿನ ತೆಂಗಿನ ಮರಗಳ ಸಾಲು ಕಂಡಿತು. ಮೊಬೈಲಿಗೆ ಸಿಗ್ನಲ್ ಬಂದಂತೆ ಮಹದೇವುವಿಗೆ ಜೀವವೂ ಬಂತು. ಎದ್ದು ಕೂತ, ಗಂಜಿ ಕುಡಿದ, ಗಡ್ಡ ಬೋಳಿಸಿಕೊಂಡ. ಮುದುಕ ಬಿಟ್ಟುಹೋಗಿದ್ದ ಬಿಳಿ ಟೋಪಿಯೊಂದು ಮೂಲೆಯಲ್ಲಿ ಬಿದ್ದಿತ್ತು. ಬಿಸಿಲು ಜಾಸ್ತಿ ಎಂದು ಅದನ್ನು ತಲೆಗೆ ಹಾಕಿಕೊಂಡ. ಆ ಟೋಪಿಯ ಮುಂದೆ ಲಂಗರಿನ ಚಿತ್ರವಿತ್ತು.

ಮಂಗಳೂರಿನ ದಕ್ಕೆಯಲ್ಲಿ ಕೆಂಪಸಿದ್ದಯ್ಯ ಒಂದು ಟೆಂಪೊ ಟ್ರಾವೆಲರ್ ತುಂಬ ನೆಂಟರನ್ನು ಕರೆತಂದು ನಿಂತಿದ್ದ. ದೃಷ್ಟಿ ತೆಗೆಯಲು ದೊಡ್ಡಮ್ಮ ಪಟ್ಟಲಮ್ಮ ಸೋಮನಹಳ್ಳಿಯಿಂದ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ ಬೂದುಗುಂಬಳಕಾಯಿ ಬೇರೆ. ಮೋಹಿನಿ ದೋಣಿ ಕಟ್ಟಿ, ಕಾಗದಪತ್ರದ ಚೀಲ ಹಿಡಿದು ಕಚೇರಿಗೆ ಹೋದಳು. ಮಹದೇವು ನೆಂಟರ ಕಡೆ ನಡೆದ. ನೆಲ ಇನ್ನೂ ತೂಗುತ್ತಿದ್ದುದರಿಂದ ಕಾಲಗಲಿಸಿ ನಡೆಯುತ್ತಿದ್ದ. ಅದು ಅವರಿಗೆ ಗತ್ತಾಗಿ ಕಂಡಿತು.

"ಎಲ್ಲದ್ಲಾ ಹಡ್ಗು?" ಎಂದ ಕೆಂಪಸಿದ್ದಯ್ಯ, ದೂರದ ದೊಡ್ಡ ಹಡಗುಗಳನ್ನು ಒಂದೊಂದಾಗಿ ನೋಡುತ್ತ.

ಮಹದೇವು ಕೆಳಗೆ ಕೈ ತೋರಿಸಿದ. ಮೂವತ್ತೊಂದು ಅಡಿಯ ದೋಣಿ ದಕ್ಕೆಯ ಟಯರಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ನೆಂಟರೆಲ್ಲ ಬಗ್ಗಿ ನೋಡಿದರು.

"ಇದ ಎಲ್ಲಿ ಒಡೀಲ್ಲಾ ನಾನು?" ಎಂದಳು ಪಟ್ಟಲಮ್ಮ ಕುಂಬಳಕಾಯಿ ಹಿಡಿದು. "ಒಡುದ್ರೆ ಮುಳುಗೋಯ್ತದಲ್ಲ."

ಕೆಂಪಸಿದ್ದಯ್ಯನ ಮುಖ ಇಳಿದುಹೋಯಿತು. ಮದ್ದೂರಿನಿಂದ ಮಂಡ್ಯದವರೆಗೆ ಅವನು ಹಡಗಿನ ಸುದ್ದಿ ಹೇಳದ ಹೋಟೆಲ್ಲಿಲ್ಲ. ಇಬ್ಬರಿಗೆ ಹಡಗಿನಲ್ಲಿ ಕೆಲಸ ಕೊಡಿಸುವ ಮಾತನ್ನೂ ಕೊಟ್ಟಿದ್ದ. ಮೊಬೈಲಿನಲ್ಲೇ ಸುದ್ದಿ ಚಾನೆಲ್ ನಡೆಸುವ ಪುನೀತ್ ಎಂಬವನನ್ನು ಜೊತೆಗೇ ಕರೆತಂದಿದ್ದ. ಅವನ ಕಿವಿಯಲ್ಲಿ ಏನೋ ಹೇಳಿದ. ಪುನೀತ್ ಮಹದೇವುವನ್ನು ನಾಲ್ಕು ಹೆಜ್ಜೆ ಬಲಕ್ಕೆ ನಿಲ್ಲಿಸಿದ. ಈಗ ಅವನ ಬೆನ್ನಿಗೆ ಯಾರದೋ ದೊಡ್ಡ ಹಡಗು ಬಂತು.

"ವೀಕ್ಷಕರೇ, ಹತ್ತೊಂಬತ್ತು ದಿನ ಅರಬ್ಬಿ ಸಮುದ್ರದ ಜೊತೆ ಹೋರಾಡಿ ಬಂದಿರೋ ನಮ್ಮ ಸೋಮನಹಳ್ಳಿಯ ಕ್ಯಾಪ್ಟನ್ ಮಹದೇವು ಅವರು ನಮ್ಮ ಜೊತೆ ಇದ್ದಾರೆ. ಸಾರ್, ಭಯ ಆಗ್ಲಿಲ್ವಾ?"

ಇಲ್ಲಿ ಮಹದೇವುವಿನ ಕಷ್ಟವನ್ನು ಅರ್ಥ ಮಾಡಿಕೊಳ್ಳಬೇಕು. ಕೇಳಿದ್ದು ಭಯದ ವಿಷಯ. ನೀವು ಕ್ಯಾಪ್ಟನ್ನಾ ಎಂದು ಯಾರೂ ಕೇಳಿರಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳುವ ಅಭ್ಯಾಸ ಅವನಿಗಿಲ್ಲ.

"ಆಯ್ತು" ಎಂದ ಪ್ರಾಮಾಣಿಕವಾಗಿ. "ಅಂಗಂತ ಏನ್ ಮಾಡದು."

ಅಷ್ಟರಲ್ಲಿ ಠಸ್ಸೆ ಬಿದ್ದ ಕಾಗದ ಹಿಡಿದು ಮೋಹಿನಿ ಪುನೀತನ ಬೆನ್ನ ಹಿಂದೆ ಬಂದು ನಿಂತಿದ್ದಳು. ಬಿಸಿಲಿಗೆ ಅವಳ ಮುಖದ ಚರ್ಮ ಸುಲಿದಿತ್ತು, ಅಂಗೈ ಹಗ್ಗ ಎಳೆದು ಜಡ್ಡುಗಟ್ಟಿತ್ತು. ಅವಳು ಗಂಡನನ್ನೇ ನೋಡುತ್ತಿದ್ದಳು. ಗಂಡ ಕ್ಯಾಮರಾ ನೋಡುತ್ತಿದ್ದ.

ವಿಡಿಯೊವನ್ನು ಎರಡು ಲಕ್ಷ ಜನ ನೋಡಿದರು. ಮದ್ದೂರಿನ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಬಂತು. ಟೋಪಿ ಹಾಕಿದ ಮಹದೇವು, ಅವನ ಹಿಂದೆ ಯುದ್ಧವಿಮಾನಗಳು ನಿಂತಿರುವ ನೌಕಾಪಡೆಯ ಹಡಗು. ಕೆಳಗೆ ಶುಭ ಕೋರುವವರ ಸಾಲಿನಲ್ಲಿ, ಹಾಲಿನ ಡೈರಿ ಕಾರ್ಯದರ್ಶಿಗೂ ಕೇಬಲ್ ಆಪರೇಟರಿಗೂ ನಡುವೆ, ಮೋಹಿನಿಯ ಫೋಟೊ ಏಳನೆಯದು.

ಸನ್ಮಾನ ಸಮಾರಂಭದಲ್ಲಿ ಮೈಸೂರು ಪೇಟ ತೊಡಿಸಿದರು. ನಿವೃತ್ತ ಮೇಷ್ಟರೊಬ್ಬರು, ಶಿವಪುರದ ಸತ್ಯಾಗ್ರಹದಲ್ಲಿ ಬಾವುಟ ಹಾರಿಸಿದ ನಮ್ಮ ಮಣ್ಣು ಇವತ್ತು ಸಮುದ್ರದಲ್ಲಿ ಹಾಯಿ ಹಾರಿಸಿದೆ ಎಂದು ಹೇಳಿ ತಾವೇ ಗದ್ಗದಿತರಾದರು. ಆಮೇಲೆ ನಿರೂಪಕಿ, ಶ್ರೀಮತಿಯವರೂ ಎರಡು ಮಾತಾಡಲಿ ಎಂದು ಮೋಹಿನಿಯ ಮುಂದೆ ಮೈಕು ಹಿಡಿದಳು.

"ಅಮ್ಮ, ಹಡಗಿನಲ್ಲಿ ಅಡುಗೆಗೆ ಅನುಕೂಲ ಇತ್ತಾ?"

"ಇತ್ತು."

"ಕ್ಯಾಪ್ಟನ್ ಸಾಹೇಬರ ಊಟ ತಿಂಡಿ ಹೇಗೆ?"

"ಏನ್ ಕೊಟ್ರೂ ನಿಲ್ತಿರ್ನಿಲ್ಲ" ಎಂದಳು ಮೋಹಿನಿ.

ನಿರೂಪಕಿ ಸಭೆಗೆ ತಿರುಗಿದಳು. "ಕೇಳಿದ್ರಲ್ಲ, ಊಟ ಕೊಟ್ಟರೂ ಒಂದು ಕ್ಷಣ ನಿಲ್ಲದೆ ದುಡಿದಿದ್ದಾರೆ." ಚಪ್ಪಾಳೆ ಬಿತ್ತು. ಮಹದೇವು ಪೇಟ ಸರಿಮಾಡಿಕೊಂಡ.

ಮನೆಗೆ ಬಂದ ಮೇಲೆ ಅವಳು ಕೇಳಿದಳು: "ಯಾವಾಗ ಯೋಳ್ತೀರಿ?" ಊರಿಗೆ ಬಂದ ದಿನದಿಂದ ಮತ್ತೆ ಬಹುವಚನ ಶುರುವಾಗಿತ್ತು.

"ಒಸಿ ತಡ್ಕೊ ಕಣಮ್ಮಿ. ಅಣ್ಣನ ಮರ್ವಾದೆ ಪ್ರಶ್ನೆ ಅದೆ. ಫ್ಲೆಕ್ಸ್ ಇಳುಸ್ಲಿ, ಯೋಳ್ತೀನಿ."

ಮೋಹಿನಿ ಎದ್ದುಹೋದಳು. ಅತ್ತೆಯ ಹಳೆ ಮಿಷನ್ನಿಗೆ ಎಣ್ಣೆ ಬಿಟ್ಟು ರವಿಕೆ ಹೊಲಿಯಲು ಕೂತಳು.

ಒಬ್ಬನೇ ಒಬ್ಬ ಸರಿಯಾದ ಪ್ರಶ್ನೆ ಕೇಳಿದ. ಅದು ಶಫೀವುಲ್ಲಾ. ಸನ್ಮಾನದ ಶಾಲು ತೋರಿಸಲು ಗ್ಯಾರೇಜಿಗೆ ಹೋದ ಶಿಷ್ಯನನ್ನು ಮುದುಕ ಜೀಪಿನ ಕೆಳಗೆ ಮಲಗಿಕೊಂಡೇ ವಿಚಾರಿಸಿದ.

"ಇಂಜಿನ್ ಎಂಗೆ ಓಡ್ತಪ್ಪ?"

"ಆರ್ನೇ ದಿನಕ್ಕೆ ನಿಂತೋಯ್ತು ಸಾಬ್ರೆ."

"ಸರಿ ಮಾಡ್ದಾ?"

"ಆಗ್ನಿಲ್ಲ."

ಶಫೀವುಲ್ಲಾ ಜೀಪಿನ ಕೆಳಗಿಂದ ತಲೆ ಹೊರಗೆ ಹಾಕಿದ. "ನನ್ನ ಲೂನಾದ ಇಂದೆ ಕುಂತ್ರೂ ನಿಂಗೆ ತಲೆ ಸುತ್ತೋದು. ಇಂಜಿನ್ನೂ ಇಲ್ಲ. ಇನ್ನು ದೋಣಿ ತಂದವ್ರು ಯಾರು?"

ಮಹದೇವು ಶಾಲು ಮಡಿಸಿದ.

"ಇವತ್ತೇ ಯೋಳ್ಬುಡು ಮಾದೇವು. ಇನ್ನೆಂಟು ದಿನ ಬುಟ್ರೆ ನಿಂಗೇ ನಿಜ ಅನ್ನಿಸ್ಬುಡ್ತದೆ."

ಸಾಹೇಬರ ಲೆಕ್ಕ ಸ್ವಲ್ಪ ತಪ್ಪಿತ್ತು. ಆರೇ ದಿನ ಸಾಕಾಯಿತು. ಏಳನೆಯ ದಿನ ಟೀ ಅಂಗಡಿಯಲ್ಲಿ ಆ ಪೆಟ್ಟಿಗೆ ಹಡಗಿನ ಕತೆ ಹೇಳುವಾಗ ಮಹದೇವು, "ನಾನೇ ವೈರ್‌ಲೆಸ್ಸಲ್ಲಿ..." ಎಂದ. ಹೇಳಿ ತಾನೇ ಬೆಚ್ಚಿ ಸುತ್ತ ನೋಡಿದ. ಕೇಳುತ್ತಿದ್ದವರಲ್ಲಿ ಯಾರೂ ಬೆಚ್ಚಿರಲಿಲ್ಲ. ಧೈರ್ಯವಾಗಿ ಮುಂದುವರಿಸಿದ.

ಆ ವಾರವೇ ಅಶೋಕ್ ಎಂಬ ಅಧಿಕಾರಿ ಮನೆಗೆ ಬಂದ. ತಾಲ್ಲೂಕಿನ ಕೆರೆಯೊಂದರ ಹೂಳೆತ್ತಿಸಿ ಬೋಟಿಂಗ್ ಶುರು ಮಾಡುವ ಯೋಜನೆ ಅವನ ಕೈಯಲ್ಲಿತ್ತು. ಮೇಲ್ವಿಚಾರಕನ ಒಂದು ಹುದ್ದೆ ಖಾಲಿ ಇತ್ತು. ಕ್ಯಾಪ್ಟನ್ನಂಥವರು ನಮ್ಮ ತಾಲ್ಲೂಕಿನಲ್ಲಿರುವಾಗ ಹೊರಗಿನವರನ್ನು ಯಾಕೆ ಹುಡುಕಬೇಕು ಎಂದ. ಒಂದು ಸರ್ಟಿಫಿಕೇಟ್ ಮಾತ್ರ ಬೇಕು.

ಮಹದೇವುವಿಗೆ ಊರಿನಲ್ಲಿ ಬೇರೆ ಕೆಲಸ ಸಿಕ್ಕಿರಲಿಲ್ಲ. ಸನ್ಮಾನ ಮಾಡಿಸಿಕೊಂಡವನನ್ನು ಗ್ಯಾರೇಜಿಗೆ ಸೇರಿಸಿಕೊಳ್ಳಲು ಎಲ್ಲರಿಗೂ ಮುಜುಗರ. ಮೋಹಿನಿ ಮಳವಳ್ಳಿಗೆ ಹೋಗಿದ್ದ ದಿನ ಅವನು ಅವಳ ಟ್ರಂಕು ತೆಗೆದ. 'ಎಂ. ಮಹದೇವು'. ಅವನ ಅಪ್ಪನ ಹೆಸರು ಮಾದಯ್ಯ. ಮಾದಯ್ಯನ ಮಗ ಮಹದೇವು. ಅಕ್ಷರಕ್ಕಕ್ಷರ ಸರಿಯಾಗಿತ್ತು. ಯಾವುದನ್ನೂ ತಿದ್ದುವ ಪಾಪ ಅವನಿಗೆ ಬರಲಿಲ್ಲ. ಜೆರಾಕ್ಸ್ ಮಾಡಿಸಿ ಕೊಟ್ಟು, ಅಸಲನ್ನು ಮಡಿಕೆ ತಪ್ಪದಂತೆ ಅಲ್ಲೇ ಇಟ್ಟ.

ನಾಲ್ಕು ದಿನ ಬಿಟ್ಟು ಅಶೋಕ್ ಮತ್ತೆ ಬಂದಾಗ ಬಾಗಿಲಲ್ಲಿ ಸಿಕ್ಕಿದವಳು ಮೋಹಿನಿ. "ನಿಮ್ಮ ಯಜಮಾನ್ರ ಸರ್ಟಿಫಿಕೇಟು ಮೇಲಿನವರಿಗೆ ಬಹಳ ಹಿಡಿಸ್ತು ಕಣಮ್ಮ" ಎಂದು ಜೆರಾಕ್ಸನ್ನು ಅವಳ ಮುಂದೆ ಹಿಡಿದ. "ತೊಂಬತ್ತೊಂದು ಪರ್ಸೆಂಟು. ಇಂಥವರು ಸಿಗಲ್ಲ."

ಮೋಹಿನಿ ಆ ಕಾಗದವನ್ನು ಮೇಲಿನಿಂದ ಕೆಳಗೆ ಓದಿದಳು. ಒಳಗೆ ಕಂಬದ ಮರೆಯಲ್ಲಿ ನಿಂತಿದ್ದ ಮಹದೇವುವಿಗೆ ಹದಿಮೂರನೆಯ ದಿನದ ಆ ಹಡಗು ಕಂಡಾಗ ಆದಷ್ಟೇ ಹೆದರಿಕೆಯಾಯಿತು.

"ಕುಂತ್ಕಳಿ ಸಾರ್" ಎಂದಳು ಅವಳು. "ಕಾಪಿ ತತ್ತೀನಿ."

ಅವಳು ಜಗಳವಾಡಲಿಲ್ಲ. ಆಡಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಅವತ್ತಿನಿಂದ ಅವಳು ಹೊಸ ರವಿಕೆ ಒಪ್ಪಿಕೊಳ್ಳುವುದನ್ನು ನಿಲ್ಲಿಸಿದಳು.

ಬೋಟಿಂಗಿನ ಉದ್ಘಾಟನೆ ಒಂದು ಭಾನುವಾರ ಬೆಳಗ್ಗೆ. ಕ್ಯಾಪ್ಟನ್ನರ ಗೌರವಕ್ಕೆಂದೇ ಎಲ್ಲಿಂದಲೋ ಹಾಯಿ ಇರುವ ಪುಟ್ಟ ದೋಣಿಯನ್ನು ತರಿಸಿದ್ದರು. ಏರಿಯ ಮೇಲೆ ಶಾಮಿಯಾನ, ಏರಿಯುದ್ದಕ್ಕೂ ಜನ. ಮಹದೇವು ಟೋಪಿ ಹಾಕಿಕೊಂಡು ಹತ್ತಿದ. ಲೈಫ್ ಜಾಕೆಟ್ ಕೊಡಲು ಬಂದವರಿಗೆ ಕೆಂಪಸಿದ್ದಯ್ಯನೇ, "ಸಮುದ್ರ ಕಂಡೋನಿಗೆ ಅದ್ಯಾಕ್ರಯ್ಯ" ಎಂದು ವಾಪಸು ಕಳಿಸಿದ.

ಕೆರೆಯ ನಡುವಿನವರೆಗೆ ಗಾಳಿ ತಾನೇ ಕರೆದುಕೊಂಡು ಹೋಯಿತು. ಅಲ್ಲಿ ತಿರುಗಿಸಬೇಕಿತ್ತು. ಮೋಹಿನಿ ಯಾವುದೋ ಹಗ್ಗ ಎಳೆಯುತ್ತಿದ್ದುದು ಅವನಿಗೆ ನೆನಪಿತ್ತು, ಯಾವುದೆಂದು ನೆನಪಿರಲಿಲ್ಲ. ಒಂದನ್ನು ಎಳೆದ. ಹಾಯಿಯ ಅಡ್ಡದಂಡ ತಿರುಗಿ ಬಂದು ಕಪಾಳಕ್ಕೆ ಬಡಿಯಿತು. ದೋಣಿ ಮಗ್ಗುಲಾಯಿತು. ಕ್ಯಾಪ್ಟನ್ ನೀರಿನೊಳಗೆ ಹೋದ. ಟೋಪಿ ಮೇಲೆ ಉಳಿಯಿತು.

ಜನ ಚಪ್ಪಾಳೆ ತಟ್ಟಿದರು. ಮುಳುಗುತ್ತಿರುವವರು ಹೇಗೆ ಕೈ ಬಡಿಯುತ್ತಾರೆ ಎನ್ನುವುದನ್ನು ಅಷ್ಟು ನಿಜವಾಗಿ ಮಾಡಿ ತೋರಿಸಿದ್ದನ್ನು ಅವರು ಹಿಂದೆ ಕಂಡಿರಲಿಲ್ಲ. ಪುನೀತ್ ಹತ್ತಿರದಿಂದ ತೆಗೆಯಲು ನೀರಿಗೆ ಮೊಣಕಾಲುದ್ದ ಇಳಿದ. ಹೂಳೆತ್ತಿದ ಕೆರೆ, ನಡುವೆ ಎರಡಾಳು ಆಳ. ಮಹದೇವು ಮೂರನೆಯ ಸಲ ಮೇಲೆ ಬಂದಾಗ ಅವನಿಗೆ ಕೇಳಿಸಿದ್ದು ಆ ಚಪ್ಪಾಳೆಯೇ.

ಹೆಂಗಸರ ಸಾಲಿನಿಂದ ಮೋಹಿನಿ ಎದ್ದಳು. ಸೀರೆ ಎತ್ತಿ ಕಟ್ಟಿ ಏರಿಯ ಕಲ್ಲಿನಿಂದ ಹಾರಿದಳು. ಈಜಿ ಹೋಗಿ ಗಂಡನ ಕಾಲರ್ ಹಿಡಿದು, ಮಗುಚಿದ ದೋಣಿಯ ಅಡಿಯ ಹಲಗೆಯ ಮೇಲೆ ನಿಂತು ಭಾರ ಹಾಕಿ ನೆಟ್ಟಗೆ ಮಾಡಿ, ಅವನನ್ನು ಗೊಬ್ಬರದ ಮೂಟೆಯ ಹಾಗೆ ಒಳಗೆಳೆದುಕೊಂಡಳು. ಆಮೇಲೆ ಚುಕ್ಕಾಣಿ ಹಿಡಿದು, ಎದುರು ಗಾಳಿಗೆ ಅಡ್ಡಡ್ಡ ಹೊಡೆಯುತ್ತ, ನಾಲ್ಕು ತಿರುವಿನಲ್ಲಿ ದೋಣಿಯನ್ನು ಏರಿಯ ಮೆಟ್ಟಿಲಿಗೆ ತಂದು ನಿಲ್ಲಿಸಿದಳು. ಮೆಟ್ಟಿಲಿಗೆ ತಾಗಿದ ಸದ್ದೂ ಆಗಲಿಲ್ಲ.

ಏರಿಯ ಮೇಲಿದ್ದವರು ಬಗ್ಗಿ ಅವಳನ್ನೇ ನೋಡಿದರು. ಒಂದು ನಿಮಿಷ, ಒಂದೇ ನಿಮಿಷ, ಎಲ್ಲರಿಗೂ ಎಲ್ಲ ಗೊತ್ತಾಗುವ ಹಾಗಿತ್ತು. ಅಷ್ಟರಲ್ಲಿ ಅಶೋಕ್ ಮೈಕು ಹಿಡಿದ. "ನೋಡಿದ್ರಲ್ಲ. ಅಪಾಯ ಬಂದಾಗ ಏನು ಮಾಡಬೇಕು ಅನ್ನೋದನ್ನ ಕ್ಯಾಪ್ಟನ್ ಸಾಹೇಬ್ರು ತಮ್ಮ ಶ್ರೀಮತಿಯವರಿಗೆ ಎಷ್ಟು ಅಚ್ಚುಕಟ್ಟಾಗಿ ಕಲಿಸಿದ್ದಾರೆ."

ಆ ಚಪ್ಪಾಳೆಗೆ ಕೊಕ್ಕರೆಗಳು ಎದ್ದು ಹಾರಿದವು.

ಮಹದೇವುವಿಗೆ ಅವತ್ತು ಏನಾಯಿತೋ. ಕುಡಿದ ನೀರನ್ನು ಕಕ್ಕಿ, ಎದ್ದು ಹೋಗಿ ಅಶೋಕನ ಕೈಯಿಂದ ಮೈಕು ಕಿತ್ತುಕೊಂಡ.

"ನಾನು ಏನೂ ಕಲಿಸ್ನಿಲ್ಲ" ಎಂದ. "ದೋಣಿ ಇವಳ್ದು. ಸರ್ಟಿಫಿಕೇಟೂ ಇವಳ್ದು, ನಾನು ಕದ್ದೆ. ಸಲಾಲಾದಿಂದ ಮಂಗಳೂರಿನ್ ಗಂಟ ತಂದೋಳು ಇವ್ಳು. ನಾನು ಮನೀಕಂಡು ವಾಂತಿ ಮಾಡ್ತಿದ್ದೆ."

ನಿವೃತ್ತ ಮೇಷ್ಟರು ಮೊದಲು ಎದ್ದು ನಿಂತರು. ಆಮೇಲೆ ಶಾಮಿಯಾನದವರೆಲ್ಲ ಎದ್ದರು. ಹೆಂಡತಿಗೆ ಇಷ್ಟು ಗೌರವ ಕೊಡುವ ಗಂಡಸನ್ನು, ಇಷ್ಟು ದೊಡ್ಡದನ್ನು ಸಾಧಿಸಿಯೂ ತನ್ನದೇನಿಲ್ಲ ಎನ್ನುವ ವಿನಯವನ್ನು ಈ ಕಾಲದಲ್ಲಿ ಕಾಣುವುದುಂಟೇ ಎಂದು ಮೇಷ್ಟರು ಕೇಳಿದರು. ಕೆಂಪಸಿದ್ದಯ್ಯ ಕಣ್ಣೊರೆಸಿಕೊಂಡ. "ನಿಜ ಕಣ್ರೋ" ಎಂದು ಮಹದೇವು ಕಿರುಚಿದ. ಪಟ್ಟಲಮ್ಮ ಟವೆಲಿನಿಂದ ಅವನ ತಲೆ ಒತ್ತಿ ಒರೆಸುತ್ತ, "ಸುಮ್ಕಿರು ಮಗ, ನೀರು ತಲ್ಗೆ ಅತ್ತದೆ" ಎಂದಳು. ಪುನೀತನ ಆ ವಿಡಿಯೊವನ್ನು ಒಂಬತ್ತು ಲಕ್ಷ ಜನ ನೋಡಿದರು. ನೇಮಕಾತಿ ಆದೇಶ ಮಂಗಳವಾರ ಮನೆಗೇ ಬಂತು.

ಬುಧವಾರ ಬೆಳಗ್ಗೆ ಮೋಹಿನಿ ಮದ್ದೂರು ಬಸ್ ನಿಲ್ದಾಣದಲ್ಲಿ ಮೈಸೂರು ಬಸ್ಸು ಹತ್ತಿದಳು. ಅಲ್ಲಿಂದ ಮಂಗಳೂರು. ಕೊಚ್ಚಿಯಲ್ಲಿ ಹಾಯಿ ಹೊಲಿಯುವ ಕಾರ್ಖಾನೆಯವರು ಅವಳನ್ನು ಕೆಲಸಕ್ಕೆ ಕರೆದಿದ್ದರು. ದಕ್ಕೆಯಲ್ಲಿ ಕಟ್ಟಿ ಬಂದಿದ್ದ ತನ್ನ ದೋಣಿಯಲ್ಲೇ ಬರುತ್ತೇನೆ ಎಂದು ಅವಳು ಹೇಳಿದ್ದಳು. ಮಹದೇವು ಟ್ರಂಕನ್ನು ಮೇಲಿಟ್ಟು ಕೆಳಗಿಳಿದು ಕಿಟಕಿಯ ಬಳಿ ನಿಂತ.

"ನಾನು ಯೋಳುದ್ನಲ್ಲಮ್ಮಿ. ಎಲ್ಲಾರ ಎದುರ್ಗೂ ಯೋಳ್ದೆ."

"ಕೇಳುಸ್ಕಂಡೆ."

"ಯಾರೂ ನಂಬ್ನಿಲ್ಲ. ಅದುಕ್ಕೆ ನಾನೇನ್ ಮಾಡ್ಲಿ?"

"ಮಂಗ್ಳೂರಲ್ಲಿ ಯೋಳಿದ್ರೆ ನಂಬೋರು" ಎಂದಳು ಮೋಹಿನಿ. ಸಿಟ್ಟಿರಲಿಲ್ಲ ದನಿಯಲ್ಲಿ. ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಗಿರಾಕಿಗೆ ತೋರಿಸುವ ಹಾಗೆ ಹೇಳಿದಳು. "ದೊಡ್ಡತ್ತೆ ರವಿಕೆ ಒಂದು ಮಿಷನ್ ಮೇಲದೆ. ಕೊಕ್ಕೆ ಆಕುಸ್ಬೇಕು. ಮಿಕ್ಕಿದ್ದೆಲ್ಲಾ ಕೊಟ್ಟಿವ್ನಿ."

"ನಾನೂ ಬಂದ್ಬುಡ್ತೀನಿ."

"ನಿಮ್ಗೆ ಸಮುದ್ರ ಆಗಾಕಿಲ್ಲ."

ಇದು ನಿಜವಾದ ಮಾತು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಕದಲಿತು. ಅವನು ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ನಡೆದ.

"ಸಾರ್, ಕ್ಯಾಪ್ಟನ್ ಸಾರ್ ಅಲ್ವಾ?" ಕಾಲೇಜಿಗೆ ಹೊರಟಿದ್ದ ಐದಾರು ಹುಡುಗಿಯರು ದಾರಿಗೆ ಅಡ್ಡ ಬಂದರು. "ನಮ್ ಅರ್ಪಿತ ನಿಮ್ ದೊಡ್ಡ ಫ್ಯಾನು ಸಾರ್. ಹೆಂಡ್ತಿ ಬಗ್ಗೆ ನೀವು ಆಡಿದ್ ಮಾತು ಕೇಳಿ ಅತ್ತೇಬಿಟ್ಲು. ಒಂದೇ ಒಂದು ಫೋಟೊ ಸಾರ್."

ಅರ್ಪಿತ ಎಂಬವಳು ಅವನ ಪಕ್ಕಕ್ಕೆ ಬಂದು ನಿಂತ ಮೇಲೆ ಇನ್ನೊಬ್ಬಳು ಮೊಬೈಲು ಎತ್ತಿ ಹಿಡಿದಳು. ಬಿಸಿಲು ಎದುರಿಗಿದೆ, ಈ ಕಡೆ ತಿರುಗಿ ಎಂದು ಅವನ ಭುಜ ಹಿಡಿದು ತಿರುಗಿಸಿದಳು. ಮೈಸೂರು ಬಸ್ಸು ನಿಲ್ದಾಣದ ಗೇಟು ದಾಟುತ್ತಿದ್ದ ದಿಕ್ಕು ಅವನ ಬೆನ್ನಿಗೆ ಬಂತು.

"ಸ್ವಲ್ಪ ನಗಿ ಸಾರ್."

ಮೂರು ಫೋಟೊ ತೆಗೆದರು. ಮೂರರಲ್ಲೂ ಮಹದೇವು ಚೆನ್ನಾಗಿ ಬಂದಿದ್ದ.